ಜೇಬಿನ ಹಿಂಬದಿಯ ಬಟ್ಟೆ

ಕೇಳುಗರಿಗೆ ನಮಸ್ಕಾರ. ನಾನು ಬಳ್ಳಾರಿಯಲ್ಲಿ ಮೂವತ್ತೆಂಟು ವರ್ಷಗಳಿಂದ ಜೀನ್ಸ್ ಹೊಲಿಯುತ್ತ ಬಂದವನು. ವೈದ್ಯನಲ್ಲ. ಆದರೆ ಕಳೆದ ವರ್ಷ ಎಡಗಣ್ಣಿಗೆ ಲೇಸರ್ ಮಾಡಿಸಬೇಕೋ ಬೇಡವೋ ಎಂದು ಐದು ತಿಂಗಳು ಹೊಯ್ದಾಡಿದೆ. ಆ ಐದು ತಿಂಗಳಲ್ಲಿ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಆ ಕಣ್ಣಿನ ಪೊರೆ ತೆಗೆಸಿದ್ದು ಮೂರು ವರ್ಷಗಳ ಹಿಂದೆ. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವನು ಮೊದಲು ನೋಡಿದ್ದು ಯಂತ್ರದ ಮೇಲೆ ಬಿದ್ದಿದ್ದ ಡೆನಿಮ್ ಬಟ್ಟೆಯನ್ನು. ಅಂಥ ನೀಲಿಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಬಲಗಣ್ಣಿಗೆ ಇನ್ನೂ ಆಪರೇಷನ್ ಆಗಿರಲಿಲ್ಲ. ಅದರಿಂದ ನೋಡಿದರೆ ಅದೇ ಬಟ್ಟೆ ಚಹಾದಲ್ಲಿ ಅದ್ದಿ ತೆಗೆದಂತಿತ್ತು. ವಯಸ್ಸಾದ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಆ ಹಳದಿಗಣ್ಣಿನಲ್ಲಿ ಎಷ್ಟು ಪ್ಯಾಂಟುಗಳ ಎರಡು ಕಾಲಿಗೆ ಎರಡು ಬಣ್ಣ ಕೂಡಿಸಿ ಕಳುಹಿಸಿದ್ದೆನೋ, ಆ ಗಿರಾಕಿಗಳು ಕ್ಷಮಿಸಬೇಕು.

ಆರು ತಿಂಗಳ ನಂತರ ಬಲಗಣ್ಣಿನದೂ ಆಯಿತು. ಎರಡು ವರ್ಷ ಸುಖವಾಗಿದ್ದೆ. ಆಮೇಲೆ ಎಡಗಣ್ಣಿನ ಮುಂದೆ ಇಸ್ತ್ರಿಯ ಹಬೆ ಕವಿದಂತೆ ಆಗತೊಡಗಿತು. ಕನ್ನಡಕ ಒರೆಸಿದೆ, ಮತ್ತೆ ಒರೆಸಿದೆ. ರಾತ್ರಿ ಹೊಸಪೇಟೆ ರಸ್ತೆಯಲ್ಲಿ ಎದುರು ಬರುವ ಲಾರಿಯ ದೀಪ ಒಂದಿದ್ದದ್ದು ಹತ್ತಾಗಿ ಚೆದುರುತ್ತಿತ್ತು. ಅದಿರಿನ ಧೂಳು ಎಂದು ಊರಿನ ಮೇಲೆ ತಪ್ಪು ಹೊರಿಸಿದೆ. ನಮ್ಮ ಅಕ್ಕ ‘ಪೊರೆ ಮತ್ತೆ ಬೆಳೆದಿದೆ’ ಎಂದಳು. ಬೀಗರು ‘ಹಾಕಿದ ಲೆನ್ಸೇ ಕೆಟ್ಟದ್ದು’ ಎಂದರು. ಇಬ್ಬರ ಮಾತೂ ಸರಿಯಲ್ಲ ಎಂದು ಗೊತ್ತಾದದ್ದು ಡಾಕ್ಟರ ಬಳಿ ಹೋದ ಮೇಲೆ.

ನನಗೆ ಅರ್ಥವಾದದ್ದನ್ನು ನನ್ನ ಕಸುಬಿನ ಮಾತಿನಲ್ಲೇ ಹೇಳುತ್ತೇನೆ. ನಮ್ಮ ಕಣ್ಣಿನ ಮಸೂರ ಒಂದು ಜೇಬಿನೊಳಗೆ ಕುಳಿತಿರುತ್ತದೆ. ಆಪರೇಷನ್ ಮಾಡುವವರು ಜೇಬಿನ ಮುಂಬದಿಯಲ್ಲಿ ದುಂಡಗೆ ಕತ್ತರಿಸಿ, ಮಸುಕಾದ ಮಸೂರವನ್ನು ತೆಗೆದು, ಅದೇ ಜೇಬಿನಲ್ಲಿ ಹೊಸ ಲೆನ್ಸ್ ಇಡುತ್ತಾರೆ. ಹಿಂಬದಿಯ ಬಟ್ಟೆಯನ್ನು ಮುಟ್ಟುವುದಿಲ್ಲ. ಕೂದಲಿನ ದಪ್ಪದ ಹತ್ತನೆಯ ಒಂದು ಪಾಲೂ ಇಲ್ಲದ ಪಾರದರ್ಶಕ ಪರೆ ಅದು. ಎಷ್ಟು ಚೊಕ್ಕಟ ಮಾಡಿದರೂ ಜೇಬಿನ ಮೂಲೆಯಲ್ಲಿ ಹಳೆಯ ಮಸೂರದ ಕೆಲವು ಜೀವಕೋಶಗಳು ಉಳಿಯುತ್ತವೆ. ಅವು ಮೆಲ್ಲಗೆ ಬೆಳೆದು ಹಿಂಬದಿಯ ಬಟ್ಟೆಯ ಮೇಲೆ ಹರಡುತ್ತವೆ. ಕೆಲವರಲ್ಲಿ ಅವು ಬೆಂದ ಸಬ್ಬಕ್ಕಿಯಂತೆ ಗುಂಡುಗುಂಡಾಗಿ ಕಾಣುತ್ತವೆಯಂತೆ. ಲೆನ್ಸಿಗೆ ಏನೂ ಆಗಿರುವುದಿಲ್ಲ, ಪೊರೆಯೂ ಮರಳಿ ಬಂದಿರುವುದಿಲ್ಲ, ಆಪರೇಷನ್ ಮಾಡಿದವರ ಕೈ ತಪ್ಪಿತು ಎಂದೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1998ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಐದು ವರ್ಷದೊಳಗೆ ನೂರು ಕಣ್ಣುಗಳಲ್ಲಿ ಸುಮಾರು 28ಕ್ಕೆ ಹೀಗಾಗುತ್ತಿತ್ತು. ಅಂಚು ಚೂಪಾಗಿರುವ ಈಗಿನ ಲೆನ್ಸುಗಳಲ್ಲಿ ಇದು ಕಡಿಮೆ.

ಮೊದಲೆಲ್ಲ ಆ ಪರೆಯನ್ನು ಹರಿಯಲು ಕಣ್ಣೊಳಗೆ ಸೂಜಿಯನ್ನೋ ಸಣ್ಣ ಚಾಕುವನ್ನೋ ತೂರಿಸಬೇಕಿತ್ತು. ಸೂಜಿಯನ್ನೇ ನಂಬಿ ಬದುಕಿದ ನನಗೂ ಅದನ್ನು ಕೇಳಿ ಮೈ ಜುಮ್ಮೆಂದಿತು. 1980ರ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಡೇನಿಯೆಲ್ ಆರೋನ್ ರೋಸಾ, ಸ್ವಿಟ್ಜರ್ಲೆಂಡಿನ ಫ್ರಾಂಜ್ ಫಾಂಕ್‌ಹೌಸರ್ ಎಂಬ ವೈದ್ಯರು ಯಾಗ್ ಎಂಬ ಬಗೆಯ ಲೇಸರನ್ನು ಈ ಕೆಲಸಕ್ಕೆ ತಂದರು. ಇದು ಸುಡುವ ಲೇಸರ್ ಅಲ್ಲ. ಕಣ್ಣಿಗೆ ಕಾಣದ ಬೆಳಕು ಒಂದು ಚುಕ್ಕೆಯಲ್ಲಿ ಕೂಡಿ ಕ್ಷಣದ ಕಿಡಿಯಾಗುತ್ತದೆ. ಆ ಕಿಡಿಯ ಹೊಡೆತಕ್ಕೆ ಪರೆ ಬಿರಿಯುತ್ತದೆ. ಮಧ್ಯದಲ್ಲಿ ಮೂರು ನಾಲ್ಕು ಮಿಲಿಮೀಟರಿನ ಕಿಂಡಿ ಮಾಡಿದರೆ ಸಾಕು.

ಇಷ್ಟು ಸುಲಭವಿದ್ದರೆ ಐದು ತಿಂಗಳು ಏಕೆ ಬೇಕಾಯಿತು ಎಂದು ಕೇಳಬಹುದು. ಕತ್ತರಿ ಆಡಿಸಿದ ಬಟ್ಟೆ ಮತ್ತೆ ಥಾನು ಆಗುವುದಿಲ್ಲ. ಆ ಪರೆಯೂ ಹಾಗೆಯೇ. ತೆರೆದ ಕಿಂಡಿಯನ್ನು ಮುಚ್ಚಲು ಬರುವುದಿಲ್ಲ. ಹೊಸ ಲೆನ್ಸ್ ಹಾಕಿದ ದಿನದಿಂದಲೂ ದೃಷ್ಟಿ ಸರಿಯಿಲ್ಲ, ಲೆನ್ಸನ್ನೇ ಬದಲಿಸಬೇಕಾದೀತು ಎಂಬ ಅನುಮಾನವಿರುವವರು ಅದನ್ನು ಇತ್ಯರ್ಥ ಮಾಡಿಕೊಳ್ಳದೆ ಲೇಸರಿಗೆ ಕೂರಬಾರದು. ಹಿಂಬದಿ ತೆರೆದ ಜೇಬಿನಿಂದ ಲೆನ್ಸ್ ತೆಗೆದು ಇನ್ನೊಂದನ್ನು ಕೂರಿಸುವುದು ಬಹಳ ಕಷ್ಟದ ಕೆಲಸ.

ನನ್ನದು ಬೇರೆ ತೊಡಕು. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಮಂಜು ಕವಿದಿರುವುದು ಪರೆಯಿಂದಲೋ, ಅಥವಾ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ, ಅಂದರೆ ಅಕ್ಷಿಪಟಲಕ್ಕೆ, ಸಕ್ಕರೆಯ ಪೆಟ್ಟು ಬಿದ್ದಿದೆಯೋ? ಅಕ್ಷಿಪಟಲ ಊದಿಕೊಂಡಿದ್ದರೆ ಪರೆ ತೆರೆದೂ ದೃಷ್ಟಿ ತಿಳಿಯಾಗುವುದಿಲ್ಲ. ಹನಿ ಹಾಕಿ, ಪಾಪೆ ಹಿಗ್ಗಿಸಿ, ಸ್ಕ್ಯಾನ್ ತೆಗೆದು ನೋಡಿದರು. ಸ್ವಲ್ಪ ಊತ ಇತ್ತು. ಮೊದಲು ಸಕ್ಕರೆ ಹತೋಟಿಗೆ ಬರಲಿ ಎಂದರು. ಮೂರು ತಿಂಗಳು ಅದಕ್ಕೇ ಹೋಯಿತು. ಬಳ್ಳಾರಿಯ ಬೇಸಿಗೆಯಲ್ಲಿ ಬಿಸಿಲಿಳಿದ ಮೇಲೆ ಕೋಟೆಯ ಬೆಟ್ಟದ ಬುಡದಲ್ಲಿ ನಡೆದಾಡಿದೆ. ಮಿರ್ಚಿ ಬಿಟ್ಟೆ ಎಂದು ಹೇಳಲಾರೆ, ಕಡಿಮೆ ಮಾಡಿದೆ.

ಉಳಿದ ಎರಡು ತಿಂಗಳು ಬರೀ ಭಯಕ್ಕೆ ಹೋದವು, ಅದನ್ನು ಒಪ್ಪಿಕೊಳ್ಳುತ್ತೇನೆ. ಅಪರೂಪಕ್ಕೆ ಅಕ್ಷಿಪಟಲ ಕಿತ್ತುಬರಬಹುದು, ಹೆಚ್ಚು ಮೈನಸ್ ನಂಬರ್ ಇದ್ದವರಿಗೆ ಆ ಭಯ ಹೆಚ್ಚು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದರು. ಕೊನೆಗೆ ಅವರೇ ಕೇಳಿದರು, ‘ಗೋಡೆಯ ಅಕ್ಷರ ಬಿಡಿ. ನಿಮಗೆ ಯಾವ ಕೆಲಸ ಆಗುತ್ತಿಲ್ಲ?’ ನೀಲಿಯ ಮೇಲೆ ನೀಲಿ ದಾರದ ಹೊಲಿಗೆ ಬಿಚ್ಚಲಾಗುತ್ತಿಲ್ಲ, ರಾತ್ರಿ ಗಾಡಿ ಓಡಿಸುವುದನ್ನು ಬಿಟ್ಟಿದ್ದೇನೆ ಎಂದೆ. ‘ಹಾಗಾದರೆ ಮಾಡಿಸಿಕೊಳ್ಳಿ. ಇದಾವುದೂ ಇಲ್ಲದಿದ್ದರೆ ಕಾಯಿರಿ ಎನ್ನುತ್ತಿದ್ದೆ’ ಎಂದರು. ಕಾದರೆ ಸಾಮಾನ್ಯವಾಗಿ ಕಣ್ಣಿಗೆ ಕೇಡಿಲ್ಲ. ಆದರೆ ನನ್ನಂಥ ಸಕ್ಕರೆಯವರಲ್ಲಿ ಪರೆ ತೀರಾ ದಟ್ಟವಾದರೆ ಡಾಕ್ಟರಿಗೂ ಒಳಗಿನ ಅಕ್ಷಿಪಟಲ ಕಾಣದೆ ಹೋಗುತ್ತದೆ.

ಲೇಸರಿಗೆ ಹಿಡಿದದ್ದು ಹತ್ತು ನಿಮಿಷವೂ ಇಲ್ಲ. ಮರಗಟ್ಟಿಸುವ ಹನಿ ಹಾಕಿ, ಗದ್ದವನ್ನು ಯಂತ್ರದ ಮೇಲೆ ಇಡಿಸಿದರು. ಟಿಕ್ ಟಿಕ್ ಎಂಬ ಸದ್ದು, ಮುಂದೆ ಒಂದು ಕೆಂಪು ಚುಕ್ಕೆ. ನೋವಿಲ್ಲ. ಕೆಲವರಿಗೆ ಕಣ್ಣಿನ ಒತ್ತಡ ಏರುವುದುಂಟು ಎಂದು ಒಂದು ಗಂಟೆ ಕೂರಿಸಿ, ಅಳೆದು ಕಳುಹಿಸಿದರು. ಮರುದಿನ ಹಬೆ ಇರಲಿಲ್ಲ. ಆದರೆ ಕತ್ತರಿಸಿದ ದಾರದ ತುಣುಕುಗಳಂತೆ ಏನೇನೋ ಕಣ್ಣ ಮುಂದೆ ತೇಲುತ್ತಿದ್ದವು. ಎರಡು ವಾರದಲ್ಲಿ ಕಡಿಮೆಯಾದವು. ಅವು ಕಡಿಮೆಯಾಗುವ ಬದಲು ಒಮ್ಮೆಲೇ ಹೆಚ್ಚಿದರೆ, ಮಿಂಚು ಹೊಡೆದಂತಾದರೆ, ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಅಂದೇ ಕಣ್ಣಿನ ಆಸ್ಪತ್ರೆಗೆ ಓಡಬೇಕು. ಈ ಮಾತನ್ನು ನನ್ನ ಸೊಸೆ ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿದ್ದಾಳೆ.

ಈಗ ಬಲಗಣ್ಣಿನ ಹಿಂಬದಿಯಲ್ಲೂ ತೆಳುವಾಗಿ ಮಂಜು ಶುರುವಾಗಿದೆಯಂತೆ. ಆದರೆ ಆ ಕಣ್ಣಿಗೆ ನೀಲಿ ದಾರ ಇನ್ನೂ ಕಾಣುತ್ತಿದೆ. ಆರು ತಿಂಗಳು ಬಿಟ್ಟು ಬಾ ಎಂದಿದ್ದಾರೆ. ಹೋಗುತ್ತೇನೆ. ನಮಸ್ಕಾರ.