ಕ್ರಿಸ್ತ ಶಕವೋ, ಸಾಮಾನ್ಯ ಶಕವೋ

ಹಾಸನ ಆಕಾಶವಾಣಿಯ ಕೇಳುಗರಿಗೆ ನಮಸ್ಕಾರ.

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117ರಲ್ಲಿ ಆಯಿತೆಂದು ನಮ್ಮ ಜಿಲ್ಲೆಯ ಶಾಲಾ ಮಕ್ಕಳೂ ಹೇಳುತ್ತಾರೆ. ಆದರೆ ಆ ಅಂಕಿ ವಿಷ್ಣುವರ್ಧನನಿಗೇ ಗೊತ್ತಿರಲಿಲ್ಲ. ಅವನ ಕಾಲದವರು ಎಣಿಸಿದ್ದು ಶಕವರ್ಷ 1039, ಹೇವಿಳಂಬಿ ಸಂವತ್ಸರ ಎಂದು. ಅದಕ್ಕೆ 78 ಕೂಡಿಸಿ 1117 ಮಾಡಿಕೊಂಡವರು ನಾವು. ಹೀಗೆ ಬಂದ ಅಂಕಿಯ ಹಿಂದೆ 'ಕ್ರಿಸ್ತ ಶಕ' ಎನ್ನಬೇಕೋ 'ಸಾಮಾನ್ಯ ಶಕ' ಎನ್ನಬೇಕೋ ಎಂಬುದೇ ಇಂದಿನ ವಿಚಾರ.

ಹೆಸರಿನ ಈ ತಕರಾರು ಹೊಸದೇನಲ್ಲ. 525ರಲ್ಲಿ ರೋಮಿನಲ್ಲಿದ್ದ ಡಯೋನಿಸಿಯಸ್ ಎಂಬ ಕ್ರೈಸ್ತ ಸನ್ಯಾಸಿ ಈಸ್ಟರ್ ಹಬ್ಬದ ದಿನಗಳ ಪಟ್ಟಿ ಸಿದ್ಧಪಡಿಸುವಾಗ, ಕ್ರೈಸ್ತರನ್ನು ಹಿಂಸಿಸಿದ ಡಯೋಕ್ಲೀಷಿಯನ್ ಚಕ್ರವರ್ತಿಯ ಹೆಸರಿನಲ್ಲಿ ವರ್ಷ ಎಣಿಸಲು ಮನಸ್ಸೊಪ್ಪದೆ, ಏಸುವಿನಿಂದ ಎಣಿಕೆ ಆರಂಭಿಸಿದ. ಲೆಕ್ಕ ಮಾತ್ರ ತುಸು ತಪ್ಪಿತು. ಏಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ ಎನ್ನುತ್ತದೆ ಮತ್ತಾಯನ ಸುವಾರ್ತೆ. ಆ ಹೆರೋದ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಮತ. ಅಂದರೆ ಕ್ರಿಸ್ತನೇ ಕ್ರಿಸ್ತಪೂರ್ವದಲ್ಲಿ ಹುಟ್ಟಿದಂತಾಯಿತು!

ಇಂಗ್ಲಿಷಿನವರು ಬಳಸುವ 'ಎ.ಡಿ.' ಎಂಬುದಕ್ಕೆ 'ಪ್ರಭುವಿನ ವರ್ಷದಲ್ಲಿ' ಎಂದು ಅರ್ಥ. ಏಸುವನ್ನು ಪ್ರಭುವೆಂದು ಒಪ್ಪದವರು ಅದನ್ನು ಬರೆಯಲು ಹಿಂಜರಿದರೆ ಆಶ್ಚರ್ಯವಿಲ್ಲ. ಕನ್ನಡದ 'ಕ್ರಿಸ್ತ ಶಕ'ದಲ್ಲಿ ಪ್ರಭುವಿನ ಮಾತಿಲ್ಲ, ಆದ್ದರಿಂದ ಅಲ್ಲಿಯ ಆಕ್ಷೇಪಣೆ ಇಲ್ಲಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ನಮ್ಮ ತೊಡಕು ಬೇರೆಯೇ. 'ಶಕ' ಎಂಬುದು ಮೊದಲಿಗೆ ಒಂದು ಜನಾಂಗದ ಹೆಸರು, ಆಮೇಲೆ ಅವರ ಕಾಲದ ಎಣಿಕೆಯ ಹೆಸರು, ಕೊನೆಗೆ ಯಾವ ಎಣಿಕೆಗಾದರೂ ಸಲ್ಲುವ ಮಾತು. ಹಾಗಾಗಿ 'ಸಾಮಾನ್ಯ ಶಕ' ಎಂದೊಡನೆ, ಪಂಚಾಂಗದ ಶಾಲಿವಾಹನ ಶಕವನ್ನೂ 1957ರ ಮಾರ್ಚ್ 22ರಿಂದ ಸರ್ಕಾರ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗದ ಶಕವನ್ನೂ ಬಲ್ಲ ಕೇಳುಗರು, ಇದು ಯಾವ ಶಕವೆಂದು ಅರೆಗಳಿಗೆ ತಡವರಿಸುತ್ತಾರೆ. ಅಚ್ಚಿನಲ್ಲಾದರೆ 'ಸಾ.ಶ.' ಎಂದು ಮುಗಿಸಬಹುದು, ಬಾನುಲಿಯಲ್ಲಿ ಬಿಡಿಸಿಯೇ ಹೇಳಬೇಕು.

ನಾನು ಈಚೆಗೆ 'ಸಾಮಾನ್ಯ ಶಕ' ಎಂದೇ ಬರೆಯುತ್ತೇನೆ. ಅದರಿಂದ ಎಣಿಕೆಯ ಮೂಲ ಬದಲಾಯಿತೆಂಬ ಭ್ರಮೆ ನನಗಿಲ್ಲ. ಒಂದನೆಯ ವರ್ಷ ಎಲ್ಲಿತ್ತೋ ಅಲ್ಲಿಯೇ ಇದೆ. ನನ್ನ ಹಟವಿರುವುದು ಬೇರೊಂದು ಮಾತಿಗೆ: ಶಾಸನದ ಕಾಲ ಹೇಳುವಾಗ ಕಲ್ಲಿನ ಮೇಲಿರುವ ಎಣಿಕೆಯನ್ನೂ ಜೊತೆಗೇ ಕೊಡಬೇಕು. ಹಲ್ಮಿಡಿಯ ಕಲ್ಲಿನಲ್ಲಿ ಶಕವರ್ಷವೇ ಇಲ್ಲ, 450 ಎಂಬುದು ವಿದ್ವಾಂಸರ ಅಂದಾಜು. ಅಲ್ಲಿ ಹಾಗೆಂದೇ ಹೇಳೋಣ. ಬೇಲೂರಿಗಾದರೆ ಸಂವತ್ಸರವೂ ಇದೆ. 2017ರ ಯುಗಾದಿಯ ಪಂಚಾಂಗ ಶ್ರವಣದಲ್ಲಿ ನಮ್ಮ ಊರಿನವರು ಕೇಳಿದ್ದೂ ಅದೇ ಹೇವಿಳಂಬಿ. ಅರವತ್ತು ವರ್ಷದ ಚಕ್ರ ಅಷ್ಟರಲ್ಲಿ ಸರಿಯಾಗಿ ಹದಿನೈದು ಸುತ್ತು ತಿರುಗಿತ್ತು.

ನಮಸ್ಕಾರ.