ವೆಸ್ಟ್‌ಪೋರ್ಟ್‌ನ ಸಂಜೆ ಎಲ್ಲಿ ಹೋಯಿತು?

ಕೆಲ್ಲೀಸ್ ಎಂಬ ಬಾರ್ ಇರುವ ಇಟ್ಟಿಗೆಯ ಕಟ್ಟಡ ಸುಮಾರು 1850ರದ್ದು. ಅಮೆರಿಕದ ಮಿಸೌರಿ ರಾಜ್ಯದ ಕಾನ್ಸಾಸ್ ಸಿಟಿಯಲ್ಲಿ ಇಂದಿಗೂ ಉಳಿದಿರುವ ಅತಿ ಹಳೆಯ ಕಟ್ಟಡಗಳಲ್ಲಿ ಇದೂ ಒಂದು. ಬಡಾವಣೆಯ ಹೆಸರು ವೆಸ್ಟ್‌ಪೋರ್ಟ್. ಆ ಕಾಲದಲ್ಲಿ ದೂರದ ಪಶ್ಚಿಮದ ಸಾಂತಾ ಫೆ, ಆರೆಗಾನ್ ಕಡೆಗೆ ಹೊರಟ ವಲಸೆಗಾರರು ದಾರಿಗೆ ಬೇಕಾದ ಹಿಟ್ಟು, ಹಗ್ಗ, ಎತ್ತುಗಳನ್ನು ಇಲ್ಲಿಯೇ ಕೊಳ್ಳುತ್ತಿದ್ದರು. ಈ ಕಟ್ಟಡದಲ್ಲಿ ಕೆಲ್ಲೀಸ್ ಬಾರ್ ಶುರುವಾದದ್ದು 1947ರಲ್ಲಿ. ಸುತ್ತಲೂ ಒಂದೊಂದಾಗಿ ಬಾರ್‌ಗಳು, ಸಂಗೀತದ ಅಡ್ಡೆಗಳು, ಊಟದ ಮನೆಗಳು ಬಂದವು. ಯಾರೂ ನಕ್ಷೆ ಬರೆದು ಕಟ್ಟಿದ ಜಾಗವಲ್ಲ ಇದು.

ಇಲ್ಲಿಂದ ಉತ್ತರಕ್ಕೆ ಸುಮಾರು ಐದು ಕಿಲೋಮೀಟರ್ ಹೋದರೆ ನಗರದ ನಡುಭಾಗ. ಒಂದು ಕಾಲದಲ್ಲಿ ಸಂಜೆ ಐದರ ನಂತರ ಅಲ್ಲಿ ಹೆಚ್ಚು ಜನ ಇರುತ್ತಿರಲಿಲ್ಲ. ಕಚೇರಿ ಮುಗಿಸಿದವರು ಕಾರು ಹತ್ತಿ ಹೊರಟುಬಿಡುತ್ತಿದ್ದರು. ಆ ಖಾಲಿತನವನ್ನು ತುಂಬಲು ಬಾಲ್ಟಿಮೋರ್‌ನ ಕಾರ್ಡಿಶ್ ಕಂಪನಿ ಕಟ್ಟಿದ ಮನರಂಜನಾ ವಲಯವೇ 'ಪವರ್ ಅಂಡ್ ಲೈಟ್ ಡಿಸ್ಟ್ರಿಕ್ಟ್'. ಪಕ್ಕದಲ್ಲಿಯೇ ದೊಡ್ಡ ಒಳಾಂಗಣ ಕ್ರೀಡಾಂಗಣ 2007ರಲ್ಲಿ ತೆರೆಯಿತು, ಅದರ ಬೆನ್ನಿಗೇ ಬಾರ್‌ಗಳೂ ಬಂದವು. ನಡುವೆ ವೇದಿಕೆ ಮತ್ತು ದೊಡ್ಡ ಪರದೆ ಇರುವ ಅಂಗಳ, ಸುತ್ತಲೂ ಎರಡು ಅಂತಸ್ತಿನ ಬಾರ್‌ಗಳು. ಒಂದು ಬಾರಿನಲ್ಲಿ ಕೊಂಡ ಲೋಟವನ್ನು ಹಿಡಿದುಕೊಂಡು ಅಂಗಳದಲ್ಲಿ ಓಡಾಡಬಹುದು. ಇದಕ್ಕಾಗಿ ರಾಜ್ಯದ ಕಾನೂನಿನಲ್ಲಿಯೇ ವಿಶೇಷ ಅವಕಾಶ ಮಾಡಿಕೊಡಲಾಯಿತು.

ಈ ಅಂಗಳವನ್ನು ನಾನು ಹಳಿಯುವುದಿಲ್ಲ. ಫುಟ್‌ಬಾಲ್ ವಿಶ್ವಕಪ್ ಪಂದ್ಯಗಳ ದಿನ ಇಲ್ಲಿ ಸೇರುವ ಜನಸಾಗರವನ್ನು ನೋಡಿದರೆ ಯಾರ ಮೈಯಾದರೂ ಜುಮ್ಮೆನ್ನುತ್ತದೆ. ನಂತರದ ವರ್ಷಗಳಲ್ಲಿ ವಸತಿ ಗೋಪುರಗಳು ಎದ್ದವು, ದಿನಸಿ ಅಂಗಡಿ ಬಂತು, ಸಂಜೆ ನಾಯಿಯನ್ನು ಹಿಡಿದು ಅಡ್ಡಾಡುವ ನಿವಾಸಿಗಳು ಬಂದರು. ನಗರದ ನಡುಭಾಗಕ್ಕೆ ಇದರಿಂದ ನಿಜವಾಗಿಯೂ ಜೀವ ಬಂದಿದೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ವೆಸ್ಟ್‌ಪೋರ್ಟ್‌ಗೆ ಏನಾಯಿತು?

ಹೊಸ ವಲಯ ಬಂದಾಗ ಹಳೆಯ ಬಡಾವಣೆ ಒಮ್ಮೆಲೇ ಖಾಲಿಯಾಗುವುದಿಲ್ಲ. ಶನಿವಾರ ರಾತ್ರಿ ಹನ್ನೆರಡಕ್ಕೆ ಬಂದು ನೋಡಿದವರಿಗೆ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ, ಬೀದಿ ತುಂಬಿರುತ್ತದೆ. ಹೊಸ ವಲಯ ಮೊದಲು ಕಸಿದುಕೊಳ್ಳುವುದು ಸಂಜೆಯನ್ನು. ಕಚೇರಿಯಿಂದ ನೇರವಾಗಿ ಬಂದು ಒಂದು ಗ್ಲಾಸ್ ಕುಡಿದು, ಊಟ ಮಾಡಿ, ಒಂಬತ್ತಕ್ಕೆ ಮನೆಗೆ ಹೋಗುವವರು, ಸಂಗೀತ ಕಾರ್ಯಕ್ರಮಕ್ಕೆ ಮೊದಲು ಏನಾದರೂ ತಿನ್ನಬೇಕು ಎನ್ನುವವರು, ಸಮ್ಮೇಳನಕ್ಕೆಂದು ಬಂದು ಹೋಟೆಲಿನಲ್ಲಿ ಇಳಿದವರು, ಇವರಿಗೆಲ್ಲ ಈಗ ಐದು ಕಿಲೋಮೀಟರ್ ದೂರ ಬರುವ ಅಗತ್ಯವೇ ಇಲ್ಲ. ಬೀದಿಗೆ ಸಮತೋಲ ಕೊಡುತ್ತಿದ್ದವರು ಇವರೇ. ವಯಸ್ಸಾದ ದಂಪತಿ, ಮಕ್ಕಳೊಂದಿಗೆ ಬಂದ ಸಂಸಾರ, ಪುಸ್ತಕ ಹಿಡಿದು ಮೂಲೆಯಲ್ಲಿ ಕುಳಿತವರು ಇರುವ ಬೀದಿಯಲ್ಲಿ ಜಗಳವಾಡುವ ಮುನ್ನ ಯಾರಾದರೂ ಒಮ್ಮೆ ಯೋಚಿಸುತ್ತಾರೆ. ಅವರು ಬರುವುದನ್ನು ನಿಲ್ಲಿಸಿದರೆ ಉಳಿಯುವುದು ತಡರಾತ್ರಿಯ ಗುಂಪು ಮಾತ್ರ. ಆಗ ಊಟದ ಮನೆಗಳು ಸೊರಗುತ್ತವೆ, ಬಾಡಿಗೆ ಕಟ್ಟಬೇಕಾದ ಮಾಲೀಕ ಆದಾಯಕ್ಕಾಗಿ ಮಧ್ಯರಾತ್ರಿಯ ವ್ಯಾಪಾರವನ್ನೇ ಹೆಚ್ಚು ನೆಚ್ಚಿಕೊಳ್ಳುತ್ತಾನೆ, ಅದನ್ನು ಕಂಡು ಇನ್ನಷ್ಟು ಸಂಸಾರಗಳು ದೂರ ಉಳಿಯುತ್ತವೆ. ಕೊನೆಗೆ ಜನ 'ವೆಸ್ಟ್‌ಪೋರ್ಟ್ ಕೆಟ್ಟುಹೋಯಿತು' ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಏಕೆಂದರೆ ಕೆಡಿಸಿದ್ದು ಯಾವುದು ಎಂದು ಅದರಲ್ಲಿ ಯಾರೂ ಕೇಳುವುದಿಲ್ಲ.

ಪೈಪೋಟಿ ತಪ್ಪಲ್ಲ. ಆದರೆ ಇಲ್ಲಿ ಪೈಪೋಟಿಯ ಒಂದು ಕಡೆ ನಗರಾಡಳಿತವೇ ನಿಂತಿದೆ. ಹೊಸ ವಲಯಕ್ಕಾಗಿ ನಗರ ಸುಮಾರು 29.5 ಕೋಟಿ ಡಾಲರ್ ಮೊತ್ತದ ಬಾಂಡ್‌ಗಳನ್ನು ಹೊರಡಿಸಿತು. ಅಲ್ಲಿನ ವ್ಯಾಪಾರದಿಂದ ಬರುವ ತೆರಿಗೆಯೇ ಸಾಲವನ್ನು ತೀರಿಸುತ್ತದೆ ಎಂಬ ಲೆಕ್ಕಾಚಾರವಿತ್ತು. ಬಾಗಿಲು ತೆರೆದ ಹೊತ್ತಿಗೇ 2008ರ ಆರ್ಥಿಕ ಕುಸಿತ ಬಂತು, ಲೆಕ್ಕ ತಪ್ಪಿತು. ಕೊರತೆಯನ್ನು ವರ್ಷ ವರ್ಷವೂ ನಗರದ ಸಾಮಾನ್ಯ ನಿಧಿಯಿಂದ ತುಂಬಬೇಕಾಯಿತು, ಹಲವು ವರ್ಷ ಅದು ಒಂದು ಕೋಟಿ ಡಾಲರ್‌ಗೂ ಮೀರಿತು. ಕಾನ್ಸಾಸ್ ಸಿಟಿಯಲ್ಲಿ ದುಡಿಯುವ ಪ್ರತಿಯೊಬ್ಬರ ಸಂಬಳದಿಂದ ಶೇಕಡಾ 1ರಷ್ಟು ಗಳಿಕೆ ತೆರಿಗೆ ಇದೇ ನಿಧಿಗೆ ಹೋಗುತ್ತದೆ. ಅಂದರೆ ವೆಸ್ಟ್‌ಪೋರ್ಟ್‌ನ ಬಾರಿನಲ್ಲಿ ಲೋಟ ತೊಳೆಯುವ ಹುಡುಗನೂ ತನ್ನ ಎದುರಾಳಿಯ ಸಾಲಕ್ಕೆ ಪಾಲು ಕೊಡುತ್ತಿದ್ದಾನೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ.

ಇನ್ನೊಂದು ವ್ಯತ್ಯಾಸವೂ ಇದೆ. ಹೊಸ ವಲಯಕ್ಕೆ ಮಾಲೀಕ ಒಬ್ಬನೇ. ಅಂಗಡಿ ಖಾಲಿಯಾದರೆ ಬಾಡಿಗೆ ಇಳಿಸಬಹುದು, ಜನರನ್ನು ಸೆಳೆಯಲು ಉಚಿತ ಸಂಗೀತ ಇಡಬಹುದು, ಯಾರು ಒಳಗೆ ಬರಬೇಕು ಎಂದೂ ತೀರ್ಮಾನಿಸಬಹುದು. ಆ ಕೊನೆಯ ಅಧಿಕಾರ ವಿವಾದಕ್ಕೂ ಎಡೆಮಾಡಿತು: ಉಡುಪಿನ ನಿಯಮದ ನೆಪದಲ್ಲಿ ಕಪ್ಪು ಯುವಕರನ್ನು ತಡೆಯುತ್ತಾರೆ ಎಂಬ ದೂರುಗಳು ಬಂದು, ನಗರ ಮಂಡಳಿ ಮಧ್ಯೆ ಪ್ರವೇಶಿಸಬೇಕಾಯಿತು. ವೆಸ್ಟ್‌ಪೋರ್ಟ್‌ನಲ್ಲಿ ಒಂದೊಂದು ಕಟ್ಟಡಕ್ಕೆ ಒಬ್ಬೊಬ್ಬ ಒಡೆಯ. ಅಲ್ಲಿನ ವ್ಯಾಪಾರಿಗಳು ತಮ್ಮ ಗಿರಾಕಿಗಳ ಮೇಲೆಯೇ ಹೆಚ್ಚುವರಿ ಮಾರಾಟ ತೆರಿಗೆ ಹಾಕಿಕೊಂಡು ಕಾವಲಿನ ಖರ್ಚನ್ನು ಹೊರುತ್ತಾರೆ.

ಅದೂ ಸಾಲದಾಯಿತು. ತಡರಾತ್ರಿ ಬಂದೂಕುಗಳು ಕಾಣಿಸಿಕೊಂಡವು. ಸಾರ್ವಜನಿಕ ರಸ್ತೆಯಲ್ಲಿ ಬಂದೂಕು ಹಿಡಿದು ಬರುವವರನ್ನು ತಡೆಯಲು ಮಿಸೌರಿಯ ಕಾನೂನು ನಗರಕ್ಕೆ ಹೆಚ್ಚಿನ ಅಧಿಕಾರ ಕೊಡುವುದಿಲ್ಲ, ಖಾಸಗಿ ಜಾಗದಲ್ಲಿ ಮಾತ್ರ ತಡೆಯಬಹುದು. ಆದ್ದರಿಂದ 2017ರ ಡಿಸೆಂಬರ್‌ನಲ್ಲಿ ನಗರ ಮಂಡಳಿ ವೆಸ್ಟ್‌ಪೋರ್ಟ್‌ನ ಕಾಲುದಾರಿಗಳನ್ನೇ ಖಾಸಗಿಯವರಿಗೆ ಬಿಟ್ಟುಕೊಡಲು ಒಪ್ಪಿತು. ವಾರಾಂತ್ಯದ ತಡರಾತ್ರಿ ತಪಾಸಣೆ ಮಾಡಿ ಒಳಗೆ ಬಿಡಲು ಅದರಿಂದ ದಾರಿಯಾಯಿತು. ಜನಾಂಗ ನೋಡಿ ತಡೆಯುವ ಅಪಾಯವಿದೆ ಎಂದು ಹಲವರು ವಿರೋಧಿಸಿದರು, ಅವರ ಭಯಕ್ಕೆ ಆಧಾರವಿತ್ತು. ಎಲ್ಲರಿಗೂ ತೆರೆದಿದ್ದ ಬೀದಿ ಗೇಟಿನ ಬೀದಿಯಾಗುವ ಸ್ಥಿತಿಗೆ ಬಂತು.

ನಗರದ ನಡುಭಾಗದಿಂದ ಪೂರ್ವಕ್ಕೆ ಹದಿನೆಂಟನೇ ಬೀದಿ ಮತ್ತು ವೈನ್ ಬೀದಿ ಕೂಡುವಲ್ಲಿ ಇನ್ನೂ ಹಳೆಯ ಕಥೆಯಿದೆ. 1930ರ ದಶಕದಲ್ಲಿ ಜಾಝ್ ಪಿಯಾನೋವಾದಕ ಕೌಂಟ್ ಬೇಸಿ ನುಡಿಸಿದ, ಸ್ಯಾಕ್ಸೋಫೋನ್ ವಾದಕ ಚಾರ್ಲಿ ಪಾರ್ಕರ್ ಬೆಳೆದ ನೆಲ ಅದು. 1997ರಲ್ಲಿ ಅಲ್ಲಿ ಜಾಝ್ ಸಂಗ್ರಹಾಲಯ ತೆರೆಯಿತು, ಆದರೆ ಸಂಗ್ರಹಾಲಯವೊಂದರಿಂದ ರಾತ್ರಿಯ ಜನ ಮರಳಿ ಬರಲಿಲ್ಲ. ಮ್ಯೂಚುಯಲ್ ಮ್ಯುಸಿಷಿಯನ್ಸ್ ಫೌಂಡೇಶನ್ ಎಂಬ ಕಲಾವಿದರ ಹಳೆಯ ಮನೆಯಲ್ಲಿ ಮಾತ್ರ ವಾರಾಂತ್ಯದ ಮಧ್ಯರಾತ್ರಿಯ ನಂತರ ಸಂಗೀತ ಶುರುವಾಗುವ ರೂಢಿ ಉಳಿದುಬಂತು. ಈ ನಗರಕ್ಕೆ ಬಂದವರಿಗೆ ನಾನು ಮೊದಲು ಹೇಳುವ ಜಾಗ ಅದೇ.

ಇನ್ನು ಟ್ರಾಮ್. 2016ರಲ್ಲಿ ಶುರುವಾದ ಈ ಉಚಿತ ಟ್ರಾಮ್ ಮೊದಲು ಹೊಸ ವಲಯದ ಮುಂದೆಯೇ ಓಡಿತು, ವೆಸ್ಟ್‌ಪೋರ್ಟ್ ಕಡೆಗೆ ಬರಲೇ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಮಾರ್ಗ ದಕ್ಷಿಣಕ್ಕೆ ಬೆಳೆದು ವೆಸ್ಟ್‌ಪೋರ್ಟ್ ರಸ್ತೆಗೂ ನಿಲ್ದಾಣ ಬಂದಿದೆ. ಹೋಟೆಲಿನಲ್ಲಿ ಇಳಿದವರು ಈಗ ಊಟಕ್ಕೆ ಇಲ್ಲಿಗೂ ಸುಲಭವಾಗಿ ಬರಬಹುದು, ಕಳೆದುಹೋದ ಸಂಜೆ ಸ್ವಲ್ಪವಾದರೂ ಮರಳಬಹುದು. ಆದರೆ ಇಲ್ಲಿನ ಕೆಲವು ಬಾರ್‌ಗಳಿಗೆ ಬೆಳಗಿನ ಜಾವ 3ರವರೆಗೆ ಪರವಾನಗಿ ಇದೆ, ಟ್ರಾಮ್ ಅಷ್ಟು ಹೊತ್ತು ಓಡುವುದಿಲ್ಲ. ಹೊಸ ವಲಯದ ಸಾಲಕ್ಕೆ ಇಷ್ಟು ವರ್ಷ ಹಣ ಹೊಂದಿಸಿದ ನಗರ, ಶುಕ್ರವಾರ ಮತ್ತು ಶನಿವಾರ ರಾತ್ರಿ ಟ್ರಾಮನ್ನು 3ರವರೆಗೆ ಓಡಿಸಲಿ. ಲೋಟ ತೊಳೆದು ಮುಗಿಸಿದ ಹುಡುಗನೂ ಅದರಲ್ಲಿ ಮನೆಗೆ ಹೋಗಬಹುದು.