ಚುಕ್ಕೆ ಬಿಟ್ಟರೆ ಅತ್ತೆ ಅಣ್ಣನಾಗ್ತಾಳೆ! ಹೊಕ್ಕಿಯನ್ ಭಾಷೆಯ ಲ್ಯಾಟಿನ್ ಬರಹ

ನಮಸ್ಕಾರ. ಸ್ವರದ ಏರಿಳಿತದ ಮೇಲೇ ಅರ್ಥ ನಿಂತಿರುವ ಭಾಷೆಯನ್ನು ಎಬಿಸಿಡಿಯಲ್ಲಿ ಬರೆಯೋಕಾಗುತ್ತಾ? ಆಗುತ್ತೆ. ಚೀನಾದ ದಕ್ಷಿಣ ಫುಜಿಯಾನ್, ತೈವಾನ್, ಸಿಂಗಾಪುರದಲ್ಲೆಲ್ಲ ಆಡುವ ಹೊಕ್ಕಿಯನ್‌ಗೆ 19ನೇ ಶತಮಾನದಲ್ಲಿ ಮಿಷನರಿಗಳು ರೂಪಿಸಿದ ಬರಹ 'ಪೇ-ಓಎ-ಜೀ'. ಅಂದ್ರೆ ಆಡುಮಾತಿನ ಅಕ್ಷರ. 1885ರಲ್ಲಿ ತೈವಾನಿನ ತೈನಾನ್‌ನಲ್ಲಿ ಮಿಷನರಿ ಥಾಮಸ್ ಬಾರ್ಕ್ಲೆ ಇದರಲ್ಲೇ ಪತ್ರಿಕೆ ಹೊರಡಿಸಿದ್ರು.

ವ್ಯಂಜನ ನಮಗೆ ಸಲೀಸು. ಕೆ ಅಂದ್ರೆ ಕ, ಕೆ-ಎಚ್ ಅಂದ್ರೆ ಖ, ಜಿ ಅಂದ್ರೆ ಗ. ಪಿ-ಎಚ್ ನೋಡಿ 'ಫೋನ್' ಥರ ಓದಬೇಡಿ, ಅದು 'ಪ'ದ ಮಹಾಪ್ರಾಣ.

[ತೆರೆ: ಓ ಅಕ್ಷರ, ಬಲಭುಜದ ಮೇಲೆ ಚುಕ್ಕೆ]

ಈಗ ನನಗೆ ತುಂಬ ಇಷ್ಟವಾದ ಈ ಚುಕ್ಕೆ. ಕೆ, ಓ ಬರೆದರೆ 'ಅಣ್ಣ'. ಅದೇ ಓ ಮೇಲೆ ಬಲಕ್ಕೆ ಚುಕ್ಕೆ ಇಟ್ಟರೆ 'ಸೋದರತ್ತೆ', ಅಪ್ಪನ ತಂಗಿ ಅಥವಾ ಅಕ್ಕ. ಚುಕ್ಕೆ ಇದ್ದಾಗ ತುಟಿ ದುಂಡಗೆ, ಬಾಯಿ ಇನ್ನಷ್ಟು ಅಗಲ. ಬೇಳೆಯ ದೀರ್ಘ ಬಿಟ್ಟರೆ ಬೆಳೆ ಆಗುತ್ತಲ್ಲ, ಹಾಗೇ. ಬರೆಯುವವರು ಅದನ್ನು ಅಲಂಕಾರ ಅಂದುಕೊಂಡು ಬಿಟ್ಟುಬಿಡ್ತಾರೆ, ಅಲ್ಲೇ ನಂಟೇ ಬದಲಾಗುತ್ತೆ.

ಕಂಪ್ಯೂಟರ್‌ನಲ್ಲಿ ಇದರ ಪಾಡು ಇನ್ನೂ ದೊಡ್ಡದು. ಇದಕ್ಕೇ ಅಂತ ಯೂನಿಕೋಡ್‌ನಲ್ಲಿ 0358 ಸಂಖ್ಯೆಯ ಚಿಹ್ನೆ ಇದೆ. ಅದು ಸಿಗದೆ ಜನ ಪಕ್ಕದಲ್ಲಿ ಸಾದಾ ನಡುಚುಕ್ಕೆ ಒತ್ತುತ್ತಾರೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಹುಡುಕಿದರೆ ಪದ ಸಿಗಲ್ಲ. ಸರಿಯಾದ ಕ್ರಮ: ಮೊದಲು ಓ, ಆಮೇಲೆ ಏರಿಳಿತದ ಚಿಹ್ನೆ, ಕೊನೆಗೆ ಚುಕ್ಕೆ. ಚಿಹ್ನೆ ಜಾಗದಲ್ಲಿ ಖಾಲಿ ಚೌಕ ಕಂಡರೆ ಫಾಂಟ್ ಬದಲಿಸಿ.

ಸಮಯ ಕಡಿಮೆ, ಉಳಿದದ್ದು ಬೇಗ ಹೇಳ್ತೀನಿ. ಏರಿಳಿತ 7 ಬಗೆ, ಚಿಹ್ನೆ 5 ಸಾಕು. 1 ಮತ್ತು 4ನೆಯದಕ್ಕೆ ಚಿಹ್ನೆಯೇ ಇಲ್ಲ. ಕೊನೆಗೆ ಪಿ, ಟಿ, ಕೆ, ಎಚ್ ಬಂದರೆ 4, ಇಲ್ಲದಿದ್ದರೆ 1. ಎಣಿಕೆ 8ರವರೆಗೆ ಹೋಗುತ್ತೆ, ಆದರೆ 6 ಇಲ್ಲ, ಅದು ಇನ್ನೊಂದರಲ್ಲಿ ಬೆರೆತುಹೋಗಿದೆ. ಪದದ ಕೊನೆಯ ಉಚ್ಚಾರಾಂಶ ಬಿಟ್ಟು ಹಿಂದಿನವು ಮಾತಿನಲ್ಲಿ ಏರಿಳಿತ ಬದಲಿಸುತ್ತವೆ, ಬರಹ ಮಾತ್ರ ಮೂಲ ಏರಿಳಿತವನ್ನೇ ಇಡುತ್ತೆ. 'ತೈವಾನ್' ಪದದ 'ತೈ' ಒಂಟಿಯಾಗಿದ್ದರೆ ಏರುತ್ತೆ, ತೈನಾನ್ ಕಡೆಯ ಮಾತಲ್ಲಿ 'ವಾನ್' ಸೇರಿದ ಕೂಡಲೇ ಸಮವಾಗುತ್ತೆ. ಬರೆದ ಚಿಹ್ನೆಯನ್ನೇ ನಂಬಿ ಓದಿದರೆ ಮಾತು ತೊದಲಿದಂತೆ ಕೇಳಿಸುತ್ತೆ.

2006ರಲ್ಲಿ ತೈವಾನ್ ಶಿಕ್ಷಣ ಸಚಿವಾಲಯ 'ತೈ-ಲೋ' ಎಂಬ ಹೊಸ ಲ್ಯಾಟಿನ್ ಬರಹ ತಂದಾಗ ಚುಕ್ಕೆ ಹೋಗಿ ಜೋಡಿ ಓ ಬಂತು, ಸಿ-ಎಚ್ ಹೋಗಿ ಟಿ-ಎಸ್ ಬಂತು. ಹಾಗಾಗಿ ನಿಘಂಟಿನಲ್ಲಿ ಅತ್ತೆಯನ್ನು ಹುಡುಕುವಾಗ ಎರಡೂ ಕಾಗುಣಿತ ಹಾಕಿ ನೋಡಿ.